ರೇಡಿಯೋದ ಗಂಟಲಿಗೆ ತೇಪೆ

ಬೆಳಿಗ್ಗೆ ಎದ್ದವಳು ಎಂದಿನ ಹಾಗೆ ಮೊದಲು ಅಂಗಳದ ಟಾರ್ಪಾಲು ಸರಿಸಿದೆ. ಕುಯ್ಲಿನ ಕಾಲ. ನಮ್ಮದೇನು ದೊಡ್ಡ ತೋಟವಲ್ಲ, ಮನೆ ಹಿಂದಿನ ಇಳಿಜಾರಿನಲ್ಲಿ ಒಂದಿಷ್ಟು ರೊಬಸ್ಟಾ ಗಿಡಗಳಿವೆ ಅಷ್ಟೆ. ಅದರ ಹಣ್ಣನ್ನು ಸಿಮೆಂಟಿನ ಅಂಗಳದಲ್ಲಿ ಹರವಿ ಒಣಗಿಸುತ್ತೇವೆ. ರಾತ್ರಿ ಇಬ್ಬನಿಗೆ ನೆನೆಯದಂತೆ ಮುಚ್ಚುವುದು, ಬೆಳಿಗ್ಗೆ ಬಿಚ್ಚುವುದು, ಬರಿಗಾಲನ್ನು ಎಳೆದುಕೊಂಡು ನಡೆದು ಹಣ್ಣನ್ನು ಮಗುಚುವುದು ನನ್ನ ಕೆಲಸ. ಟಾರ್ಪಾಲಿನ ಮಡಿಕೆಯಲ್ಲಿ ನಿಂತಿದ್ದ ನೀರು ಪಾದದ ಮೇಲೆ ಸುರಿದು ಮೈ ಜುಮ್ಮೆಂದಿತು. ಒಳಗೆ ಬಂದು ಬಚ್ಚಲೊಲೆಗೆ ಎರಡು ಕಾಫಿ ಕೊರಡು ತುರುಕಿ, ಹಾಲಿಟ್ಟು, ಸೋಸುಬಟ್ಟೆಯಲ್ಲಿ ಕಾಫಿ ಇಳಿಸಿದೆ. ಇವರು ಅಡುಗೆಮನೆ ಬಾಗಿಲಲ್ಲೇ ನಿಂತು ಕುಡಿದರು. ಮಲ್ಲಂದೂರಿನ ಕಡೆ ಒಂದು ಎಸ್ಟೇಟಿನಲ್ಲಿ ಇವರು ರೈಟರ್, ಆಳುಗಳ ಲೆಕ್ಕ ಬರೆಯುವವರು. ಕುಯ್ಲಿನ ದಿನಗಳಲ್ಲಿ ಆಳುಗಳು ಬರುವ ಮುಂಚೆಯೇ ಅಲ್ಲಿರಬೇಕು.

"ಅಮ್ಮ ಏನಾದ್ರೂ ಕುಡಿದ್ಲಾ?" ಎಂದು ಕೇಳಿದರು.

"ಇಲ್ಲ. ಲೋಟ ತುಟಿಗೆ ಹಿಡಿದ್ರೆ ಮುಖ ತಿರುಗಿಸ್ತಾರೆ."

"ನೀರು?"

"ನೀರೂ ಇಲ್ಲ."

ಇವರು ಲೋಟದ ತಳದಲ್ಲಿ ಉಳಿದ ಕಾಫಿಯನ್ನು ಸುಮ್ಮನೆ ಸುತ್ತಿಸುತ್ತ ನಿಂತರು. ಆಮೇಲೆ, "ಇವತ್ತು ರಾತ್ರಿ ತನಕ ನೋಡೋಣ. ಆಗ್ಲೂ ಬಾಯಿಗೆ ಹಾಕ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗೋದೇ. ಒಂದು ದಿನಾನೂ ಊಟ ಇಲ್ದೆ ಬಿಡಬೇಡಿ ಅಂತ ಡಾಕ್ಟರ್ ಹೇಳಿದಾರಲ್ಲ, ಈ ಮೈಯಲ್ಲಿ ತಡ್ಕೊಳ್ಳೋಕೆ ಏನೂ ಉಳಿದಿಲ್ಲ" ಅಂದರು.

ಇಬ್ಬರ ಕಣ್ಣ ಮುಂದೆಯೂ ಬಂದದ್ದು ಒಂದೇ ಚಿತ್ರ. ಮಳೆಗಾಲದಲ್ಲಿ ಹೀಗೇ ಊಟ ಬಿಟ್ಟು ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಡ್ರಿಪ್ಪಿನ ಸೂಜಿಯನ್ನು ಮತ್ತೆ ಮತ್ತೆ ಕಿತ್ತುಹಾಕುತ್ತಾರೆಂದು ಬ್ಯಾಂಡೇಜು ಬಟ್ಟೆಯಲ್ಲಿ ಅವರ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು. ಆಸ್ಪತ್ರೆಯವರನ್ನು ದೂರುವ ಹಾಗಿಲ್ಲ, ಬೇರೆ ದಾರಿ ನಮಗೂ ಕಾಣಲಿಲ್ಲ. ಅತ್ತೆ ಬಿಡಿಸಿಕೊಳ್ಳಲು ಒದ್ದಾಡಲಿಲ್ಲ. ಕಟ್ಟಿದ ಕೈಯ ಬೆರಳುಗಳಲ್ಲೇ ಸೀರೆಯ ಸೆರಗನ್ನು ಹುಡುಕುತ್ತಿದ್ದರು. ಆಸ್ಪತ್ರೆಯ ಹಸಿರು ಅಂಗಿಗೆ ಸೆರಗು ಎಲ್ಲಿಂದ ಬರಬೇಕು. ಮನೆಗೆ ಬಂದ ಮೇಲೂ ಎಷ್ಟೋ ದಿನ ಮಣಿಕಟ್ಟು ನೀಲಿಯಾಗಿಯೇ ಇತ್ತು. ಬಳೆ ತೊಡಿಸುವಾಗ ಆ ಜಾಗ ತಪ್ಪಿಸಿ ಮೇಲಕ್ಕೆ ಸರಿಸುತ್ತಿದ್ದೆ.

ಇವರ ಬೈಕು ಆಲ್ದೂರಿನ ಇಳಿಜಾರು ಇಳಿದು ಸದ್ದು ಕರಗಿದ ಮೇಲೆ ಅಡುಗೆಮನೆಯೊಳಗಿಂದ ಅತ್ತೆ ಕೇಳಿದರು, "ಹುಡ್ಗೀ, ಅವರದಾಯ್ತಾ?"

ಅವರು ಅಂದರೆ ಮಾವ. ಮಾವ ತೀರಿಕೊಂಡು ವರ್ಷಗಳಾದವು. ಅತ್ತೆಗೆ ಅದು ಈಗ ನೆನಪಿಲ್ಲ. ಮೊದಮೊದಲು ನಾವು ಹೇಳುತ್ತಿದ್ದೆವು. ಹೇಳಿದಾಗೆಲ್ಲ ಅವರು ಆ ಗಳಿಗೆಯಲ್ಲೇ ಗಂಡನನ್ನು ಕಳೆದುಕೊಂಡವರ ಹಾಗೆ ಅಳುತ್ತಿದ್ದರು. ಒಂದು ದಿನ ಹಾಗೆ ಅತ್ತು, ಕಣ್ಣೊರೆಸಿಕೊಂಡು, ಮತ್ತೆ "ಅವರದಾಯ್ತಾ" ಎಂದು ಕೇಳಿದರು. ಅಂದಿನಿಂದ ಹೇಳುವುದನ್ನು ಬಿಟ್ಟೆವು.

ಈ ಮನೆಯಲ್ಲಿ ಮಾವ ಇದ್ದಷ್ಟು ದಿನ ಒಂದು ಕ್ರಮವಿತ್ತು. ಅದನ್ನು ಯಾರೂ ಕ್ರಮ ಅಂತ ಕರೆದವರಲ್ಲ. ಮಾವ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಉಣ್ಣುತ್ತಿದ್ದರು. ತಲೆಯ ಮೇಲಿನ ಹಲಗೆಯಲ್ಲಿ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ. ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನದ ಊಟಕ್ಕೆ, ರಾತ್ರಿಯ ಊಟಕ್ಕೆ ಅದರಲ್ಲಿ ವಾರ್ತೆ. ಉಣ್ಣುವಾಗ ಮಾತಿಲ್ಲ, ಮಾತೆಲ್ಲ ರೇಡಿಯೋದ್ದೇ. ವಾರ್ತೆ ಮುಗಿದ ಕೂಡಲೇ ಮಾವ ಎಡಗೈ ಎತ್ತಿ ಗುಂಡಿ ತಿರುಗಿಸುವರು, ಟಕ್. ಆಮೇಲೆ ಕೈ ತೊಳೆಯುವ ನೀರಿನ ಸದ್ದು. ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಕೊಟ್ಟು ಕೂತ ಅತ್ತೆ ಆ ಟಕ್ ಕೇಳಿದ ಮೇಲೆಯೇ ತಮ್ಮ ತಟ್ಟೆ ಎಳೆದುಕೊಳ್ಳುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಬೆಲ್ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ ಅಭ್ಯಾಸ. "ಅತ್ತೆ, ಹಸಿವಾಗಲ್ವಾ ನಿಮಗೆ?" ಅಂತ ಕೇಳಿದ್ದೆ. "ಹಸಿವಿಗೂ ರೂಢಿ ಆಗುತ್ತೆ ಬಿಡು" ಅಂದಿದ್ದರು, ನಗುತ್ತಲೇ.

ಎಲ್ಲವನ್ನೂ ಮರೆತವರ ಒಳಗೆ ಈ ಟಕ್ ಮಾತ್ರ ಉಳಿದಿದೆ ಅಂತ ನಮಗೆ ಗೊತ್ತಾದದ್ದು ಆಕಸ್ಮಿಕವಾಗಿ. ಆಸ್ಪತ್ರೆಯಿಂದ ಬಂದ ಮೇಲೂ ಅತ್ತೆ ಸರಿಯಾಗಿ ಉಣ್ಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಇವರು ಬೇಸರಕ್ಕೆ ಆ ರೇಡಿಯೋ ಹಾಕಿಕೊಂಡು ನಡುಮನೆಯಲ್ಲಿ ಊಟಕ್ಕೆ ಕೂತರು. ವಾರ್ತೆ ಮುಗಿದು ಆರಿಸಿದರು. ಒಳಗೆ ಅತ್ತೆ ತಾವಾಗಿಯೇ ತಟ್ಟೆ ಎಳೆದುಕೊಂಡು, "ಬಡಿಸು ಹುಡ್ಗಿ" ಅಂದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಟ್ಟಿತು. ಅಂದಿನಿಂದ ಅದೇ ನಮ್ಮ ಮದ್ದು. ಇವರು ಮನೆಯಲ್ಲಿ ಇಲ್ಲದಿದ್ದರೂ ನಾನು ನಡುಮನೆಯಲ್ಲಿ ಮಣೆ ಹಾಕಿ, ಖಾಲಿ ತಟ್ಟೆ ಇಟ್ಟು, ವಾರ್ತೆ ಹಾಕಿ, ಮುಗಿದ ಮೇಲೆ ಟಕ್ ಅನಿಸಿ, ಚೊಂಬಿನಿಂದ ನೀರು ಸುರಿದು ಸದ್ದು ಮಾಡುತ್ತಿದ್ದೆ. ಮೂರು ಹೊತ್ತೂ ಈ ನಾಟಕ. ಅದರ ಬಲದಿಂದ ಅತ್ತೆಯ ಕೆನ್ನೆ ಸ್ವಲ್ಪ ತುಂಬಿತ್ತು ಕೂಡ.

ಹಿಂದಿನ ರಾತ್ರಿ ವಾರ್ತೆಯ ಮಧ್ಯದಲ್ಲಿ ಕರೆಂಟು ಹೋಯಿತು. ಅದೇನು ನಮ್ಮಲ್ಲಿ ಹೊಸದಲ್ಲ. ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಮೊಂಬತ್ತಿ ಹುಡುಕಿಕೊಂಡು ಒಳಗೆ ಬರುವಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದು ಬಿಟ್ಟಿದ್ದರು. ವಾರ್ತೆ ಓದುವವರ ದನಿಗೂ ಮಾವನ ದನಿಗೂ ನಡುವಿನ ಗೆರೆ ಅವರ ಮನಸ್ಸಿನಲ್ಲಿ ಯಾವಾಗಲೋ ಅಳಿಸಿಹೋಗಿತ್ತು ಅಂತ ಕಾಣುತ್ತದೆ. ಮಾತಾಡುತ್ತಿದ್ದವರು ನಡುವೆ ತಟ್ಟನೆ ನಿಂತರೆ ಏನರ್ಥ? ತುತ್ತು ಗಂಟಲಿಗೆ ಸಿಕ್ಕಿದೆ. ಅತ್ತೆ ಮಣೆಯ ಪಕ್ಕದ ಲೋಟ ಎತ್ತಿ ರೇಡಿಯೋದ ಮುಂಭಾಗಕ್ಕೆ ನೀರು ಹುಯ್ಯುತ್ತಿದ್ದರು. "ಕುಡೀರಿ, ಒಂದು ಗುಟುಕು ಕುಡೀರಿ" ಅನ್ನುತ್ತಿದ್ದರು. ಇನ್ನೊಂದು ಕೈಯಿಂದ ಬೆನ್ನು ತಟ್ಟುವ ಹಾಗೆ ಆ ಪೆಟ್ಟಿಗೆಯ ಎದೆ ತಟ್ಟುತ್ತಿದ್ದರು. ಪೆಟ್ಟಿಗೆಯ ಮುಂದಿನ ಬಟ್ಟೆ ಹಳತಾಗಿ ಮೊದಲೇ ಲಡ್ಡಾಗಿತ್ತು. ಅದು ಹರಿದು ಅವರ ಬೆರಳುಗಳು ಒಳಗಿನ ಸ್ಪೀಕರಿಗೇ ಹೋದವು. ನಾನು ಮೊಂಬತ್ತಿ ಕೆಳಗಿಟ್ಟು ಅವರ ಕೈ ಹಿಡಿದಾಗ ಉಗುರಿನಲ್ಲಿ ಕಪ್ಪು ಕಾಗದದ ಚೂರು ಅಂಟಿಕೊಂಡಿತ್ತು.

ಕರೆಂಟು ಬರುವ ಮುಂಚೆ ಪ್ಲಗ್ ಕಿತ್ತೆ. ಹಿಂಭಾಗವೆಲ್ಲ ಒಣಗಿಯೇ ಇತ್ತು, ಪುಣ್ಯ. ಇವರು ಬಂದ ಮೇಲೆ ಹಾಕಿ ನೋಡಿದರೆ ರೇಡಿಯೋ ಸತ್ತಿರಲಿಲ್ಲ. ದೀಪ ಹೊತ್ತಿತು, ಗುಂಡಿ ಟಕ್ ಅಂದಿತು. ಆದರೆ ಬಂದದ್ದು ಮಾತಲ್ಲ, ಒದ್ದೆ ಕೊಡೆಯನ್ನು ಫಡಫಡ ಕೊಡವಿದಂಥ ಸದ್ದು.

ಇವರು ಚಿಕ್ಕಮಗಳೂರಿನ ಅಂಗಡಿಯವರೊಬ್ಬರಿಗೆ ಫೋನು ಮಾಡಿದರು. ಮುಂಚೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಮೊಬೈಲ್ ಮಾರುತ್ತಾರೆ. "ಆ ಸೈಜಿನ ಸ್ಪೀಕರ್ ಈಗ ಎಲ್ಲಿ ಬರುತ್ತೆ ಸಾರ್. ಸೆಟ್ ತಂದಿಟ್ಟು ಹೋಗಿ. ಹಳೇದು ಯಾವುದಾದ್ರೂ ಕೈಗೆ ಸಿಕ್ರೆ ಹಾಕಿಡ್ತೀನಿ" ಅಂದರಂತೆ. ಸಿಗುವ ತನಕ ಅತ್ತೆ ಏನು ಮಾಡಬೇಕು ಅಂತ ಅವರನ್ನು ಕೇಳಲಾದೀತೇ.

ರಾತ್ರಿಯೇ ಮೊಬೈಲಿನಲ್ಲಿ ವಾರ್ತೆ ಹಾಕಿ ರೇಡಿಯೋದ ಹಿಂದೆ ಇಟ್ಟು ನೋಡಿದೆವು. ಅತ್ತೆ ಕಿವಿಗೊಟ್ಟು ಕೇಳಿ, "ಅದು ಪಕ್ಕದ ಮನೇದು" ಅಂದರು. ಪಕ್ಕದ ಮನೆಯ ಅಕ್ಕ ಮಹಡಿಯ ಎರಡು ರೂಮನ್ನು ಹೋಂಸ್ಟೇಗೆ ಬಿಟ್ಟಿದ್ದಾರೆ. ಅತಿಥಿಗಳಿಗೆ ಅಂತ ಇಟ್ಟಿದ್ದ, ಮೊಬೈಲಿಗೆ ಜೋಡಿಸುವ ಚೆಂಡಿನಂಥ ಉರುಟು ಸ್ಪೀಕರನ್ನು ಬೆಳಿಗ್ಗೆ ತಿಂಡಿ ಹೊತ್ತಿಗೆ ತಂದುಕೊಟ್ಟರು. ಅದರಲ್ಲಿ ವಾರ್ತೆ ಓದುವವರು ಬಾವಿಯೊಳಗಿಂದ ಗುಡುಗಿದ ಹಾಗೆ ಕೇಳಿಸಿತು. ಅತ್ತೆ ಗಾಬರಿಯಿಂದ, "ಯಾರ ಮನೇಲಿ ಮದುವೆ? ಮೈಕ್ ಕಟ್ಟಿದಾರಲ್ಲ" ಅಂದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ, ನನಗೂ ಬಂತು. ನಗುತ್ತಿರುವಾಗಲೇ ಅತ್ತೆಯ ತುಟಿ ಕಂಡೆ. ಒಣಗಿ, ನಡುವೆ ಸಣ್ಣಗೆ ಬಿರಿದಿತ್ತು.

"ನಾನೇ ರಿಪೇರಿ ಮಾಡ್ತೀನಿ ಅಕ್ಕ" ಅಂದೆ.

"ನಿನಗೆ ಬರುತ್ತಾ ಮಾರಾಯ್ತಿ?"

"ಇಲ್ಲ."

ಅಕ್ಕ ಅತಿಥಿಗಳಿಗೆ ಕಡುಬು ಬೇಯುತ್ತಿದೆ ಅಂತ ಹೊರಟುಹೋದರು.

ಮೊಬೈಲಿನಲ್ಲಿ ಹುಡುಕಿದೆ. ಯಾರೋ ಹೊರದೇಶದವರು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದರು. ಇಂಗ್ಲಿಷಿಗೇನೂ ತೊಂದರೆಯಿರಲಿಲ್ಲ. ಹರಿದ ಜಾಗಕ್ಕೆ ಕಾಫಿ ಸೋಸುವ ತೆಳು ಕಾಗದವನ್ನು ನೀರು ಬೆರೆಸಿದ ಬಿಳಿ ಗಮ್ಮಿನಲ್ಲಿ ಅಂಟಿಸಿ ಅಂದರು ಅವರು. ಎಲ್ಲರ ಮನೆಯಲ್ಲೂ ಇರುವ ಕಾಗದ ಅಂತ ಬೇರೆ ಹೇಳಿದರು. ಸುತ್ತ ನೋಡಿದೆ. ಅಂಗಳದಲ್ಲಿ ಕಾಫಿ, ಹಿತ್ತಿಲಲ್ಲಿ ಕಾಫಿ, ಒಲೆಯಲ್ಲಿ ಉರಿಯುತ್ತಿರುವುದೂ ಕಾಫಿಯ ಕೊರಡೇ. ಕಾಫಿಯನ್ನು ಕಾಗದದಲ್ಲಿ ಸೋಸುವ ಮನೆ ಮಾತ್ರ ಈ ರಸ್ತೆಯಲ್ಲಿ ಒಂದೂ ಇಲ್ಲ. ನಮ್ಮದು ಬಟ್ಟೆ. ತಲೆಮಾರಿನಿಂದ ಬಟ್ಟೆ. ಅದೂ ಚೆನ್ನಾಗಿಯೇ ಸೋಸುತ್ತದಲ್ಲ, ಕಾಗದದ ಬದಲು ಅದೇ ಆದೀತು ಅನಿಸಿತು. ಮೂಲೆಯ ಮೊಳೆಗೆ ನೇತುಹಾಕಿದ್ದ ಹಳೆಯ ಸೋಸುಬಟ್ಟೆಯನ್ನು ತೊಳೆದು, ಒಲೆಯ ಮೇಲೆ ಹಿಡಿದು ಒಣಗಿಸಿದೆ.

ರೇಡಿಯೋವನ್ನು ತಬ್ಬಿ ಹಿಡಿದು ಜಗಲಿಗೆ ತಂದೆ. ಬಿಸಿಲು ಅಲ್ಲಿಗೆ ಬರುತ್ತದೆ. ಹಿಂದಿನ ಹಲಗೆಯ ಸ್ಕ್ರೂಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿದೆ. ಒಳಗೆ ಮಾವನ ಕಾಲದ ಧೂಳು, ಒಂದು ಸತ್ತ ಕಣಜ, ಬೆಂಕಿಕಡ್ಡಿಯೊಂದು. ಸ್ಪೀಕರನ್ನು ಹಿಡಿದಿದ್ದ ನಟ್ಟುಗಳು ಕೈಗೆ ತಿರುಗದೆ, ಬಟ್ಟೆ ಸುತ್ತಿ ಇಕ್ಕಳದಲ್ಲಿ ತಿರುಗಿಸಿದೆ. ಅದರ ಎರಡು ವೈರು ಸಾಕಷ್ಟು ಉದ್ದವಿದ್ದವು. ಕೀಳದೆ, ಸ್ಪೀಕರನ್ನು ಪೆಟ್ಟಿಗೆಯ ಪಕ್ಕದಲ್ಲೇ ಮೊರದ ಮೇಲೆ ಮಲಗಿಸಿದೆ.

ನೋಡಿದರೆ ಬರೀ ಕಾಗದ. ಹಿಂದೆ ಅಷ್ಟು ಭಾರದ ಕಬ್ಬಿಣ, ಮುಂದೆ ಬಟ್ಟಲಿನ ಹಾಗೆ ಇಳಿಜಾರಾದ ಒಂದು ಕಪ್ಪು ಕಾಗದ, ಅಷ್ಟೇ. ಮನೆಯ ಮೂಲೆಮೂಲೆಗೂ ಕೇಳಿಸುತ್ತಿದ್ದ ಆ ಮಾತೆಲ್ಲ ಇದರಿಂದ ಬರುತ್ತಿತ್ತೇ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದೆ. ಒಳಗೆ ಹೋಗಿ ಹೊರಗೆ ಬಂತು. ಒಂದು ಕಡೆ ನೀರು ಕುಡಿದು ಸುಕ್ಕಾಗಿತ್ತು, ಅದರ ನಡುವೆ ಬೆರಳು ತೂರುವಷ್ಟು ತೂತು, ತೂತಿನಿಂದ ಅಂಚಿನ ಕಡೆಗೆ ಒಂದು ಸೀಳು.

ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ತೇಪೆ ಹಾಕುವುದನ್ನು ಕಲಿಸಿದ್ದರು. ತೂತಿಗಿಂತ ತೇಪೆ ದೊಡ್ಡದಿರಬೇಕು, ಬಿಗಿಯಾಗಿರಬೇಕು, ಎಳೆದರೆ ಬರಬಾರದು. ನಾನು ಹಾಗೇ ಮಾಡಿದೆ. ಸೋಸುಬಟ್ಟೆಯನ್ನು ಚೌಕಾಕಾರಕ್ಕೆ ಅಂದವಾಗಿ ಕತ್ತರಿಸಿ, ಗಟ್ಟಿ ಗಮ್ಮು ಬಳಿದು, ಮುಂದೊಂದು ಹಿಂದೊಂದು ಅಂಟಿಸಿದೆ. ಹಾಕುವಾಗ ಒಂದು ಬಗೆಯ ಸಮಾಧಾನವೂ ಆಯಿತು. ಜಗಲಿಯ ಬಿಸಿಲು ಅದರ ಮೇಲೆ ಚೆನ್ನಾಗಿ ಬಿದ್ದಿತ್ತು. ನಾನು ಅಂಗಳಕ್ಕಿಳಿದು ಹಣ್ಣು ಮಗುಚಿದೆ, ಅನ್ನಕ್ಕಿಟ್ಟೆ, ಸಾರು ಮಾಡಿದೆ. ಅತ್ತೆಯ ಹಣೆಗೆ ವಿಭೂತಿ ಹಚ್ಚಿದೆ. ಅವರ ಹಣೆ ಬೆಚ್ಚಗಿತ್ತು.

"ಅವರದಾಯ್ತಾ?"

"ಈಗ ಕೂರ್ತಾರೆ ಅತ್ತೆ. ಸ್ವಲ್ಪ ತಾಳಿ."

ಮಧ್ಯಾಹ್ನದ ವಾರ್ತೆಗೆ ಸ್ಪೀಕರನ್ನು ಪೆಟ್ಟಿಗೆಯೊಳಗೆ ಕೂರಿಸಿ, ನಡುಮನೆಗೆ ತಂದು, ತಟ್ಟೆಯಿಟ್ಟು, ಗುಂಡಿ ತಿರುಗಿಸಿದೆ. ಫಡಫಡ ಇರಲಿಲ್ಲ. ಆದರೆ ವಾರ್ತೆ ಓದುವವರು ಗೋಣಿಚೀಲದೊಳಗೆ ಕೂತು ಓದುತ್ತಿದ್ದ ಹಾಗಿತ್ತು. ದನಿ ಹೆಚ್ಚು ಮಾಡಿದೆ. ಚೀಲ ದಪ್ಪವಾಯಿತೇ ಹೊರತು ಮಾತು ಬಿಡಿಬಿಡಿಯಾಗಲಿಲ್ಲ. ಆದರೂ ಮುಗಿಯುವ ತನಕ ಬಿಟ್ಟು, ಟಕ್ ಅನಿಸಿ, ಚೊಂಬಿನ ನೀರು ಸುರಿದೆ. ಅಡುಗೆಮನೆಗೆ ಹೋಗಿ ತಟ್ಟೆಯನ್ನು ಅತ್ತೆಯ ಮುಂದೆ ಸರಿಸಿದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದರು. ಸಿಟ್ಟಿಲ್ಲ, ಹಟವಿಲ್ಲ. "ಇನ್ನೂ ಅವರು ಬಂದಿಲ್ಲವಲ್ಲ ಹುಡ್ಗಿ" ಅಂದರು, ನನಗೆ ತಿಳಿಸಿ ಹೇಳುವ ಹಾಗೆ. ಗಂಡ ಉಣ್ಣುವ ಮುಂಚೆ ತಟ್ಟೆ ಹಿಡಿಯುವ ಹುಡುಗಿಗೆ ಬುದ್ಧಿ ಹೇಳುವಷ್ಟು ಮೆತ್ತಗೆ.

ಇವರಿಗೆ ಫೋನು ಮಾಡಿದೆ. ಸಿಗ್ನಲ್ ತುಂಡುತುಂಡಾಗಿ ಬರುತ್ತಿತ್ತು. "ಬಿಡು ಅದನ್ನ. ನಾಳೆಗೆ ಗಾಡಿ ಹೇಳಿದೀನಿ. ಅವಳ ಎರಡು ಸೀರೆ ತೆಗೆದಿಡು" ಅಂದರು. ಸೀರೆ ಯಾಕೆ, ಅಲ್ಲಿ ಹಸಿರು ಅಂಗಿಯೇ ಅಲ್ಲವೇ ಎಂದು ಕೇಳಬೇಕೆನಿಸಿತು. ಫೋನಿಟ್ಟು ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಮೇಲೆ ವಿಭೂತಿಯ ಗಟ್ಟಿ ಇಟ್ಟೆ, ಮತ್ತೆ ತೆಗೆದೆ, ಮತ್ತೆ ಇಟ್ಟೆ.

ಆಮೇಲೆ ರೇಡಿಯೋವನ್ನು ಪುನಃ ಜಗಲಿಗೆ ತಂದು, ಸ್ಪೀಕರನ್ನು ಬಿಚ್ಚಿ ಮೊರದ ಮೇಲಿಟ್ಟು ಕೂತೆ. ಬಟ್ಟೆಯ ತೇಪೆ ಭಾರವಾಗಿದೆ ಅಂತ ಬೆರಳಿಟ್ಟರೇ ಗೊತ್ತಾಗುತ್ತಿತ್ತು. ಕಾಗದ ಮೊದಲಿನ ಹಾಗೆ ಆಡುತ್ತಿರಲಿಲ್ಲ, ಪ್ಲಾಸ್ಟರು ಹಾಕಿದ ಕೈಯ ಹಾಗೆ ಸೆಟೆದಿತ್ತು. ಬಿಚ್ಚಬೇಕು. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಗಮ್ಮಿನ ಮೇಲೆ ಇಟ್ಟೆ. ಗಮ್ಮು ಮೆತ್ತಗಾಯಿತು. ಆದರೆ ಗಮ್ಮು ಮೆತ್ತಗಾಗುವ ನೀರಿಗೆ ಕಾಗದ ಮೆತ್ತಗಾಗದೇ ಇರುತ್ತದೆಯೇ. ನಾನು ಮೂಲೆ ಹಿಡಿದು ಮೆಲ್ಲಗೆ, ಬಹಳ ಮೆಲ್ಲಗೆ ಎತ್ತಿದೆ. ತೇಪೆ ಬಂತು, ಜೊತೆಗೆ ಕಪ್ಪು ಕಾಗದದ ಒಂದು ಪದರವೂ ಬಂತು. ಬೆರಳು ತೂರುವ ತೂತು ಈಗ ಕಾಫಿ ಲೋಟದ ಬಾಯಿಯಷ್ಟಾಗಿತ್ತು. ಸೀಳು ಅಂಚಿನವರೆಗೂ ಹೋಗಿತ್ತು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಹಣ್ಣು ಮಗುಚಲಿಲ್ಲ. ಕೋಳಿಯೊಂದು ಅಂಗಳಕ್ಕೆ ಬಂದು ಕಾಲಿಂದ ಕೆದರುತ್ತಿದ್ದರೂ ಎದ್ದು ಓಡಿಸಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಒಳಗೆ ಕೇಳಿಸಬಾರದು. ಅತ್ತೆಯನ್ನು ಈ ಸ್ಥಿತಿಗೆ ತಂದ ಆ ಹಾಳು ಕ್ರಮದ ಮೇಲೆ ಸಿಟ್ಟು ಬಂತು, ಸತ್ತ ಮಾವನ ಮೇಲೆ ಬಂತು, ಒಂದು ದಿನವಾದರೂ "ನೀನೂ ಕೂತ್ಕೋ" ಅನ್ನದೆ ಹೋದರಲ್ಲ ಅಂತ. ಮಾವ ಕೆಟ್ಟವರಾಗಿರಲಿಲ್ಲ. ಸಂತೆಯಿಂದ ಬರುವಾಗ ಅತ್ತೆಗೆ ಅಂತ ಬೇರೆ ಪೊಟ್ಟಣದಲ್ಲಿ ಖಾರದ ತಿಂಡಿ ತರುತ್ತಿದ್ದರು. ಆ ಪೊಟ್ಟಣವನ್ನೂ ಅತ್ತೆ ಟಕ್ ಆದ ಮೇಲೆಯೇ ಬಿಚ್ಚುತ್ತಿದ್ದರು.

ಬಾಗಿಲಲ್ಲಿ ನೆರಳಾಯಿತು. ಅತ್ತೆ ಹೊಸ್ತಿಲು ಹಿಡಿದು ನಿಂತಿದ್ದರು. ನನ್ನ ಕಣ್ಣೀರು ಕಂಡಿತೋ ಇಲ್ಲವೋ. ಮೊರದ ಮೇಲಿನ ಸ್ಪೀಕರನ್ನೇ ನೋಡುತ್ತ, "ಪುಸ್ತಕ ಹರಿದುಹೋಯ್ತಾ?" ಎಂದು ಕೇಳಿದರು. ಹರಿದ ಕಾಗದ ಕಂಡು ಯಾರದೋ ಮಕ್ಕಳ ಪುಸ್ತಕ ಅಂದುಕೊಂಡಿರಬೇಕು.

ಆ ಮಾತಿಗೆ ನನಗೆ ಇನ್ನೊಂದು ತರಗತಿ ನೆನಪಾಯಿತು. ಶನಿವಾರಗಳಲ್ಲಿ ನಮ್ಮ ಲೈಬ್ರರಿಯ ಸಿಸ್ಟರ್ ಉದ್ದದ ಮೇಜಿನ ಮೇಲೆ ಹರಿದ ಹಾಡಿನ ಪುಸ್ತಕಗಳನ್ನು ಹರವಿ ನಮ್ಮ ಕೈಯಲ್ಲಿ ರಿಪೇರಿ ಮಾಡಿಸುತ್ತಿದ್ದರು. ಅವರು ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ತೇಪೆಯ ಕಾಗದವನ್ನು ಬೆರಳಲ್ಲಿ ಹರಿಯಬೇಕು, ಆಗ ಅಂಚು ಎಳೆಎಳೆಯಾಗಿ ಹರಿದ ಪುಟದೊಳಗೆ ಸೇರಿಕೊಳ್ಳುತ್ತದೆ. ಕಾಗದ ಎಷ್ಟು ತೆಳುವೆಂದರೆ ಅದರ ಮೂಲಕ ಅಕ್ಷರ ಓದುವಂತಿರಬೇಕು. ಗಮ್ಮು ಹಾಲಿನಷ್ಟು ನೀರಾಗಿರಬೇಕು. ನಾನು ಬೆಳಿಗ್ಗೆಯಿಂದ ಇದನ್ನು ರವಿಕೆಯ ಹಾಗೆ ರಿಪೇರಿ ಮಾಡಿದ್ದೆ. ಇದು ಕಾಗದವಲ್ಲವೇ, ಪುಟದ ಹಾಗೆ ಮಾಡಬೇಕಿತ್ತು.

ಅಂಥ ಕಾಗದ ಮನೆಯಲ್ಲಿ ಎಲ್ಲಿದೆ? ಪತ್ರಿಕೆ ದಪ್ಪ. ಪೂಜೆಯ ಬಣ್ಣದ ಕಾಗದ ಒದ್ದೆಯಾದರೆ ಬಣ್ಣ ಬಿಟ್ಟು ಮುದ್ದೆಯಾಗುತ್ತದೆ. ಬೀರು ತೆರೆದು ಒಂದೊಂದೇ ಎಳೆದು ನೋಡಿದೆ. ಸೀರೆಗಳ ಕೆಳಗೆ ನಮ್ಮ ಮದುವೆ ಆಲ್ಬಮ್ಮಿತ್ತು. ಹಳೆಯ ಆಲ್ಬಮ್ಮುಗಳಲ್ಲಿ ಪ್ರತಿ ಪುಟದ ಮೇಲೂ ಜೇಡರ ಬಲೆಯ ಚಿತ್ರವಿರುವ ಒಂದು ತೆಳು ಪಾರದರ್ಶಕ ಕಾಗದದ ಹಾಳೆ ಇರುತ್ತಿತ್ತಲ್ಲ, ಅದು. ಮುಟ್ಟಿದರೆ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಚರಚರ ಅಂದಿತು. ಊಟದ ಪಂಕ್ತಿಯ ಪುಟದ ಹಾಳೆ ಅಂಚಿನಲ್ಲಿ ಮೊದಲೇ ಬಿಟ್ಟುಕೊಂಡಿತ್ತು, ಅದನ್ನೇ ಕಿತ್ತೆ. ಕೆಳಗಿನ ಫೋಟೋ ಬರಿದಾಗಿ ಕಂಡಿತು. ಎಲೆಯ ಮುಂದೆ ಸಾಲಾಗಿ ಕೂತ ಗಂಡಸರು, ನಡುವೆ ಮಾವ, ಅವರ ಹಿಂದೆ ತುಪ್ಪದ ಗಿಂಡಿ ಹಿಡಿದು ಬಾಗಿ ನಿಂತ ಅತ್ತೆ. ಆಲ್ಬಮ್ಮು ಮುಚ್ಚುವ ಮುಂಚೆ ಉಳಿದ ಪುಟಗಳನ್ನೂ ತಿರುವಿದೆ. ಅತ್ತೆ ಕೂತು ಉಣ್ಣುವ ಫೋಟೋ ಒಂದೂ ಇರಲಿಲ್ಲ.

ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದಿತ್ತು. ಪೆಟ್ಟಿಗೆಯನ್ನೂ ಸ್ಪೀಕರನ್ನೂ ಮಣೆಯ ಮೇಲೆ ಇಟ್ಟು ಮಣೆ ಸಮೇತ ಕಾಫಿ ಹಣ್ಣಿನ ನಡುವೆ ಎಳೆದೆ. ಹಾಳೆಯನ್ನು ಬೆರಳಲ್ಲಿ ಹರಿದು ಸಣ್ಣ ಚೂರು ಮಾಡಿದೆ. ಕಾಡಿಗೆ ಹಚ್ಚುವ ಕುಂಚವನ್ನು ತೊಳೆದು, ನೀರಾದ ಗಮ್ಮಿನಲ್ಲಿ ಅದ್ದಿ, ಮೊದಲು ಸೀಳಿನ ಎರಡು ಅಂಚನ್ನು ಒಂದಕ್ಕೊಂದು ತಾಗಿಸಿ ಹಿಡಿದೆ. ಮೇಲೆ ಒಂದು ಚೂರು. ಅದು ಒಣಗುವ ತನಕ ಉಸಿರನ್ನೂ ಅದರ ಮೇಲೆ ಬಿಡಲಿಲ್ಲ. ಪಕ್ಕದಲ್ಲಿ ಇನ್ನೊಂದು. ದೊಡ್ಡ ತೂತಿಗೆ ಸುತ್ತಲಿಂದ ಚೂರುಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಏರಿಸುತ್ತ, ಹಂಚು ಹೊದಿಸುವ ಹಾಗೆ ಒಳಗೊಳಗೆ ಬಂದೆ. ಬಿಸಿಲು ಸರಿದ ಹಾಗೆಲ್ಲ ಮಣೆಯನ್ನು ಎಳೆದೆ. ನನ್ನ ಹಿಂದೆ ಹಣ್ಣಿನ ನಡುವೆ ಎರಡು ಗೆರೆಯ ದಾರಿ ಬಿದ್ದಿತ್ತು. ಕೊನೆಗೆ ಬಿಸಿಲು ಕಾಂಪೌಂಡಿನ ಗೋಡೆ ಹತ್ತಿಹೋಯಿತು. ಕಾಗದ ಇನ್ನೂ ಒಂದು ಕಡೆ ತಣ್ಣಗಿತ್ತು. ಒಳಗೆ ತಂದು ಬಚ್ಚಲೊಲೆಯ ಮುಂದೆ, ಉರಿ ತಗ್ಗಿಸಿ, ಕೆಂಡದ ಕಾವು ಮಾತ್ರ ತಾಗುವಷ್ಟು ದೂರದಲ್ಲಿ ಸ್ಪೀಕರನ್ನು ಹಿಡಿದು ಕೂತೆ. ಕರಿಯ ಕಾಗದದ ಮೇಲೆ ಜೇಡರ ಬಲೆಯ ಗೆರೆಗಳು ಬೆಳ್ಳಗೆ ಮೂಡಿದ್ದವು.

ಇವರು ತಡವಾಗುತ್ತದೆ, ಲಾರಿ ಬಂದಿಲ್ಲ ಅಂತ ಮೆಸೇಜು ಹಾಕಿದ್ದರು. ಸಂಜೆ ದೀಪ ಹಚ್ಚಿ, ಸ್ಪೀಕರನ್ನು ಪೆಟ್ಟಿಗೆಯೊಳಗೆ ಕೂರಿಸಿ, ನಡುಮನೆಯಲ್ಲಿ ಮಣೆ ಹಾಕಿದೆ. ತಟ್ಟೆಯಿಟ್ಟೆ. ಕರೆಂಟು ಹೋಗದಿರಲಿ ಅಂತ ದೇವರಿಗೆ ಕೈಮುಗಿದೆ, ಅಡುಗೆಮನೆಯ ದೇವರಿಗೂ, ಕಾನ್ವೆಂಟಿನಲ್ಲಿ ನಾವು ಯಾರ ಮೂರ್ತಿಯ ಮುಂದೆ ಮೊಂಬತ್ತಿ ಹಚ್ಚುತ್ತಿದ್ದೆವೋ ಆ ಮಾತೆಗೂ. ಗುಂಡಿ ತಿರುಗಿಸಿದೆ.

ಮಾತು ಬಂತು. ಬಿಡಿಬಿಡಿಯಾಗಿ, ಪದ ಪದವಾಗಿ ಬಂತು. ಕೆಳದನಿಗೆ ಇಳಿದಾಗ ಮಾತ್ರ ಗರಗರ ಎನ್ನುತ್ತಿತ್ತು, ಚೂರುಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ. ನಾನು ನಡುಮನೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ನಿಂತೆ. ಅತ್ತೆ ಒಲೆಗೆ ಬೆನ್ನು ಕೊಟ್ಟು ಕೂತಿದ್ದರು. ತಲೆ ಸ್ವಲ್ಪ ಓರೆ ಮಾಡಿದರು. ಹುಬ್ಬು ಕೂಡಿತು. ಗರಗರ ಮತ್ತೆ ಬಂತು.

"ಗಂಟಲು ಕಟ್ಟಿದೆ ಅವರಿಗೆ" ಅಂದರು. "ನೆನ್ನೆ ಸಿಕ್ಕಿಹಾಕ್ಕೊಂಡಿತ್ತಲ್ಲ. ಒಂದು ಕಾಳುಮೆಣಸಿನ ಕಷಾಯ ಇಡು."

ನಿಜವಾಗಿಯೂ ಕಷಾಯಕ್ಕೆ ನೀರಿಟ್ಟೆ. ವಾರ್ತೆಯ ನಡುವೆ ಒಮ್ಮೆ ದೀಪ ಮಂಕಾಯಿತು, ರೇಡಿಯೋ ಕುಗ್ಗಿತು, ಅತ್ತೆಯ ಕೈ ನೆಲಕ್ಕೂರಿ ಏಳಲು ಹೊರಟಿತು. ಮತ್ತೆ ದೀಪ ಬಂತು, ಕೈ ಮಡಿಲಿಗೆ ಮರಳಿತು. ಮುಗಿಯುವ ಹೊತ್ತಿಗೆ ಗರಗರ ಹೆಚ್ಚಾಗುತ್ತಿತ್ತು, ಒಂದು ಅಂಚು ಏಳುತ್ತಿದೆ ಅಂತ ಕಿವಿಗೇ ತಿಳಿಯುತ್ತಿತ್ತು. ಕೊನೆಯ ವಾಕ್ಯ ಮುಗಿದದ್ದೇ ತಡ ಗುಂಡಿ ತಿರುಗಿಸಿದೆ. ಟಕ್. ಚೊಂಬಿನ ನೀರು ಸುರಿದೆ. ಸುರಿಯುತ್ತಲೇ ನಿಂತೆ. ಅಡುಗೆಮನೆಗೆ ಹೋಗಿ ನೋಡುವ ಧೈರ್ಯ ಬರಲಿಲ್ಲ.

ಆಗ ಸ್ಟೀಲಿನ ತಟ್ಟೆ ನೆಲದ ಮೇಲೆ ಸರಿದ ಸದ್ದು ಕೇಳಿತು.

"ಬಡಿಸು ಹುಡ್ಗಿ."

ಮೆತ್ತಗೆ ಕಲಸಿದ ಅನ್ನ, ತಿಳಿ ಸಾರು. ಮೊದಲ ತುತ್ತು ನುಂಗಲು ಕಷ್ಟಪಟ್ಟರು. ನೀರು ಕೊಟ್ಟೆ, ಕುಡಿದರು. ಎರಡನೆಯದು, ಮೂರನೆಯದು. ಅರ್ಧ ತಟ್ಟೆ ಆಗುವಷ್ಟರಲ್ಲಿ ಸಾಕು ಅಂದರು. ಮಜ್ಜಿಗೆ ಕೇಳಿದರು. ಲೋಟ ಹಿಡಿದ ಅವರ ಮಣಿಕಟ್ಟಿನ ಬಳೆಯನ್ನೇ ನೋಡುತ್ತ ಕೂತೆ. ಅರ್ಧ ತಟ್ಟೆ ಸಾಕೇ? ಡಾಕ್ಟರಿಗೆ ಸಾಕಾಗುತ್ತದೆಯೋ ಇಲ್ಲವೋ. ನಾಳೆ ಬೆಳಿಗ್ಗೆಯ ವಾರ್ತೆಗೆ ಆ ಅಂಚು ಉಳಿದಿರುತ್ತದೆಯೇ? ಆಲ್ಬಮ್ಮಿನಲ್ಲಿ ಇನ್ನು ಎಷ್ಟು ಹಾಳೆಗಳಿವೆಯೋ, ಅಷ್ಟು ದಿನ. ಸೀರೆಯ ಚೀಲವನ್ನು ಬಿಚ್ಚಲಿಲ್ಲ. ಬಾಗಿಲ ಹಿಂದಿದ್ದದ್ದನ್ನು ಮಂಚದ ಕೆಳಗೆ ತಳ್ಳಿದೆ, ಅಷ್ಟೆ.

ಅತ್ತೆಯನ್ನು ಮಲಗಿಸಿ, ಎರಡೂ ತಟ್ಟೆಗಳನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಬೇಲಿಯಾಚೆ ಅಕ್ಕ ಒಗೆದ ಬೆಡ್‌ಶೀಟುಗಳನ್ನು ತಂತಿಯಿಂದ ಎಳೆದುಕೊಳ್ಳುತ್ತಿದ್ದರು.

"ರೇಡಿಯೋ ಮಾತಾಡ್ತಲ್ಲ. ಅತ್ತೆ ಉಂಡ್ರಾ?"

"ಅರ್ಧ ತಟ್ಟೆ ಉಂಡ್ರು ಅಕ್ಕ."

"ನಿಂದು?"

ಖಾಲಿ ತಟ್ಟೆಗೆ ಬೂದಿ ಹಚ್ಚುತ್ತಿದ್ದ ಕೈ ನಿಂತಿತು. ಬೆಳಿಗ್ಗೆಯ ಕಾಫಿಯ ಮೇಲೆ ಏನಾದರೂ ತಿಂದೆನೇ ಎಂದು ನೆನಪು ಮಾಡಿಕೊಳ್ಳಲು ಹೋದೆ. ಬಾಯಿ ತಾನಾಗಿಯೇ, "ಇವರು ಬರ್ಲಿ ಅಂತ" ಅಂದಿತು.

ಅಕ್ಕ ಬೆಡ್‌ಶೀಟನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೊರಟವರು, ತಿರುಗಿಯೂ ನೋಡದೆ ಅಂದರು, "ಬೈಕಿನ ಸದ್ದು ಕೇಳದೆ ನೀನೆಲ್ಲಿ ನಿನ್ನ ತಟ್ಟೆ ಎಳ್ಕೊಳ್ತೀಯ ಬಿಡು ಮಾರಾಯ್ತಿ."